ಕೆಲಸ ಬಿಡುವ ಮುನ್ನ

‘ಕೈಲಿರುವ ಕೆಲಸ ಬಿಡಬೇಡ’ ಎಂಬುದು ಹಿರಿಯರ ಬುದ್ಧಿವಾದ. ಬಿಡುವುದು ತಪ್ಪಲ್ಲ, ಬಿಡುವ ಕಾಲವನ್ನೂ ರೀತಿಯನ್ನೂ ಅರಿಯದಿರುವುದು ತಪ್ಪು. ಸಿ. ವಿ. ರಾಮನ್ ಅವರು 1917ರಲ್ಲಿ ಹಣಕಾಸು ಇಲಾಖೆಯ ಹುದ್ದೆಯನ್ನು ತ್ಯಜಿಸಿ, ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕರಾದರು. ಅದಕ್ಕೆ ಮುನ್ನ ಅನೇಕ ವರ್ಷ ಕಚೇರಿಯ ಬಿಡುವಿನಲ್ಲೇ ಪ್ರಯೋಗ ನಡೆಸಿ ತಮ್ಮ ದಾರಿಯನ್ನು ಕಂಡುಕೊಂಡಿದ್ದರು.

ನಮ್ಮಲ್ಲಿ ಅನೇಕರ ಸಂಬಳಕ್ಕಾಗಿ ಮನೆಯೇ ಕಾದಿರುತ್ತದೆ. ಆದ್ದರಿಂದ ಬಾಯಿಮಾತು ಸಾಲದು. ಹೊಸ ನೇಮಕದ ಆದೇಶ ಕೈಸೇರಲಿ, ಆಮೇಲೆ ರಾಜೀನಾಮೆ. ಮೋಡ ಕಂಡು ಕೊಡದ ನೀರು ಚೆಲ್ಲಬಾರದು. ಸರ್ಕಾರಿ ನೌಕರನ ರಾಜೀನಾಮೆಯಂತೂ ಸಾಮಾನ್ಯವಾಗಿ ಅಂಗೀಕಾರವಾದ ಮೇಲೆಯೇ ಸಿಂಧು. ನಿಯಮದಂತೆ ಮುನ್ಸೂಚನೆ ಕೊಟ್ಟು, ಲೆಕ್ಕಪತ್ರ ಒಪ್ಪಿಸಿ, ಕೃತಜ್ಞತೆ ಹೇಳಿ ಹೊರಡೋಣ. ಅನ್ನವಿಟ್ಟ ಬಾಗಿಲನ್ನು ದಡಕ್ಕನೆ ಮುಚ್ಚುವುದು ವಿದ್ಯಾವಂತರಿಗೆ ತಕ್ಕುದಲ್ಲ.