ಕರೆ ಬಂದದ್ದು ಯಾರಿಗೆ?

ನಮ್ಮ ಸಭೆಯಲ್ಲಿ ಯಾರಿಗಾದರೂ ‘ಕರೆ ಬಂತು’ ಅಂದರೆ ಹುಡುಗ ಪಾಸ್ಟರ್ ಆಗಲು ಹೊರಟ ಎಂದೇ ಅರ್ಥ. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ನನ್ನಜ್ಜನಿಗೆ ಬರುತ್ತಿದ್ದದ್ದು ಬೆಳಗಿನ ಸೈರನ್ ಕರೆ ಮಾತ್ರ. ಆದರೂ ಹಸಿ ಹೆಂಚಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡದೆ ಒಣಗಲು ಇಡುತ್ತಿರಲಿಲ್ಲವಂತೆ. ‘ಯಾರದೋ ಮಾಡಿಗೆ ಹೋಗುವುದಲ್ವಾ’ ಎನ್ನುತ್ತಿದ್ದರು.

1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ನೇಯ್ಗೆ, ಅಚ್ಚುಕೂಟ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರವಾದವರು ಕುಲಕಸುಬನ್ನೂ ನಂಟರ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆ ದಾರಿ ಬೇಕಿತ್ತು. ಮಿಷನ್‌ನವರ ಜರ್ಮನ್ ಭಾಷೆಯಲ್ಲಿ ಕಸುಬಿಗೆ ‘ಬೆರೂಫ್’ ಎನ್ನುತ್ತಾರೆ, ‘ಕರೆ’ ಎಂಬುದರಿಂದಲೇ ಹುಟ್ಟಿದ ಪದ. ಪಾದ್ರಿಗಷ್ಟೇ ಸಲ್ಲುತ್ತಿದ್ದ ಕರೆಯ ಗೌರವವನ್ನು ಧರ್ಮಸುಧಾರಕ ಲೂಥರ್ ದುಡಿಯುವವರಿಗೆಲ್ಲ ಹಂಚಿದ. ನಾವದನ್ನು ಮತ್ತೆ ವೇದಿಕೆಗೇ ಒಪ್ಪಿಸಿಬಿಟ್ಟಿದ್ದೇವೆ.

ಹಾಗೆಂದು ‘ಕರೆ’ಯ ಹೆಸರಲ್ಲಿ ಮೋಸಹೋಗಬಾರದು. ನಾನು ನರ್ಸ್. ಮೊದಲ ಆಸ್ಪತ್ರೆಯಲ್ಲಿ ಸಂಬಳ ಕೇಳಿದಾಗಲೆಲ್ಲ ‘ಇದು ಸೇವೆ ಸಿಸ್ಟರ್’ ಎನ್ನುತ್ತಿದ್ದರು. ಸೇವೆಯ ಮಾತು ಬಿಲ್ಲಿಂಗ್ ಕೌಂಟರಿನಲ್ಲಿ ಮಾತ್ರ ಕೇಳಿಸುತ್ತಿರಲಿಲ್ಲ.

ಈ ವರ್ಷ ಮಗಳು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸಿಗೆ ಸೇರಿದಳು. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು, ‘ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದಾ?’ ಎಂದರು. ಮಗನನ್ನು ಇಂಜಿನಿಯರಿಂಗಿಗೆ ಕಳುಹಿಸಿದವರನ್ನು ಅವರು ಹಾಗೆ ಕೇಳಿದ್ದು ನಾನಂತೂ ಕಂಡಿಲ್ಲ.