ಕಿವಿಗೂ ಕೂಲಿ ಕೊಡೋಣ

ಗಣಪತಿ ಹಬ್ಬಕ್ಕೆ ಕುಂದಾಪುರಕ್ಕೆ ಹೊರಡಲು ಇನ್ನು ಹತ್ತು ದಿನ ಇತ್ತು. ಘೋಡ್‌ಬಂದರ್ ರಸ್ತೆಯ ಗಾಯಮುಖ ಏರಿನಲ್ಲಿ ಎರಡನೇ ಗಿಯರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಕಾರಿನ ಮುಂಭಾಗದಿಂದ ಗಡಗಡ ಸದ್ದು. ಕಾಲು ತೆಗೆದರೆ ಮಾಯ. ಠಾಣೆಯ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಬಾನೆಟ್ ಎತ್ತಿ ನಿಂತಲ್ಲೇ ಎರಡು ಸಲ ರೇಸ್ ಕೊಟ್ಟ. ಗಡಗಡ ಸದ್ದು ಬರಲೇ ಇಲ್ಲ. ಆದರೂ ತೀರ್ಪು ಬಂತು: 'ಟೈಮಿಂಗ್ ಚೈನ್ ಗಯಾ ಸಾಬ್, ಇಂಜನ್ ಖೋಲ್ನಾ ಪಡೇಗಾ.' ಖರ್ಚು 42 ಸಾವಿರ ರೂಪಾಯಿ. ಹಬ್ಬಕ್ಕೆ ಮೊದಲು ಕಾರು ಸಿಗುವುದೂ ಖಾತ್ರಿ ಇಲ್ಲ.

ಮರುದಿನ ಆಫೀಸಿನ ಗೆಳೆಯನೊಬ್ಬ ಕುರ್ಲಾದ ಸಿಎಸ್‌ಟಿ ರಸ್ತೆಯ ಬಳಿಯ ಒಬ್ಬ ಚಾಚಾರ ಹತ್ತಿರ ಕಳಿಸಿದ. ಅವರು ಬಾನೆಟ್ ಮುಟ್ಟುವ ಮೊದಲು ಕೇಳಿದ್ದು ಮೂರೇ ಮಾತು. ಸದ್ದು ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸಿಎನ್‌ಜಿಯಲ್ಲೋ, ಪೆಟ್ರೋಲಿನಲ್ಲೋ? ನಿಂತಾಗಲೋ, ಓಡುವಾಗಲೋ? ಆಮೇಲೆ ಪಕ್ಕದ ಸೀಟಿನಲ್ಲಿ ಕೂತು ರೇಡಿಯೊ, ಎಸಿ ಎರಡನ್ನೂ ಆರಿಸಿ ಒಂದು ಫ್ಲೈಓವರ್ ಹತ್ತಿಸಿದರು. ಎರಡೂ ಇಂಧನದಲ್ಲಿ ಸದ್ದು ಒಂದೇ ಥರ ಇದ್ದುದರಿಂದ ಉರಿಯುವಿಕೆಯ ದೋಷವಲ್ಲ ಎಂದು ಅಲ್ಲೇ ಬದಿಗಿಟ್ಟರು. ವಾಪಸ್ ಬಂದು ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಹಾಕಿ ಬ್ರೇಕ್ ಒತ್ತಿಹಿಡಿದು, ಮೊದಲ ಗಿಯರಿನಲ್ಲಿ ಕ್ಲಚ್ ಅರ್ಧ ಬಿಡಲು ನನಗೆ ಹೇಳಿದರು. ತಾವು ಕಾರಿನ ಎದುರು ನಿಲ್ಲದೆ ಪಕ್ಕದಿಂದ ಬಗ್ಗಿ ನೋಡಿದರು. ಇಂಜಿನ್ ಇಡಿಯಾಗಿ ಹಿಂದಕ್ಕೆ ಜಿಗಿಯಿತು.

ಕೆಳಗಿನ ಮೌಂಟಿಂಗ್‌ನ ರಬ್ಬರ್ ಹರಿದಿತ್ತು. ಎಳೆತ ಬಿದ್ದಾಗ ಇಂಜಿನ್ ಹಿಂದಕ್ಕೆ ವಾಲಿ, ಸೈಲೆನ್ಸರ್ ಪೈಪ್ ಕೆಳಗಿನ ಚೌಕಟ್ಟಿಗೆ ಬಡಿಯುತ್ತಿತ್ತು. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೆ ಆ ಎಳೆತವೇ ಇರುವುದಿಲ್ಲ, ಹಾಗಾಗಿ ಠಾಣೆಯಲ್ಲಿ ಸದ್ದು ಬಂದಿರಲಿಲ್ಲ. ಮುಂಬೈಯ ಹೊಂಡಗಳಲ್ಲಿ, ದಿನಕ್ಕೆ ನೂರಾರು ಸಲ ಒಂದು-ಎರಡು ಗಿಯರ್ ಬದಲಿಸುವ ಟ್ರಾಫಿಕ್ಕಿನಲ್ಲಿ ಈ ರಬ್ಬರ್ ಬಾಳುವುದು ಕಷ್ಟ. ಸಾಮಾನು, ಮಜೂರಿ ಸೇರಿ 2,600 ರೂಪಾಯಿ ಆಯಿತು.

ಠಾಣೆಯವರು ಮೋಸಗಾರರೆಂದು ಬೈಯಲು ನನಗೂ ಆಸೆಯಿತ್ತು. ಆದರೆ ಹಿಂದೊಮ್ಮೆ ಅರ್ಧ ಗಂಟೆ ಪರೀಕ್ಷಿಸಿ 300 ರೂಪಾಯಿ ಕೇಳಿದ ಮೆಕ್ಯಾನಿಕ್ ಒಬ್ಬನಿಗೆ, 'ಬರೀ ನೋಡಿದ್ದಕ್ಕೆ ಎಂಥ ದುಡ್ಡು?' ಎಂದು ಜಗಳ ಮಾಡಿದವನೂ ನಾನೇ. ಡಾಕ್ಟರು ಗುಳಿಗೆ ಬರೆಯದೆ ಕಳಿಸಿದರೂ ನಾವು ಫೀಸ್ ಕೊಡುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ಬದಲಿಸಿದ ಸಾಮಾನಿಗಷ್ಟೇ ದುಡ್ಡು ಬಿಚ್ಚುತ್ತೇವೆ. ಹಾಗಿದ್ದಮೇಲೆ ಅವನು ಸಾಮಾನು ಬದಲಿಸದೆ ಏನು ಮಾಡಿಯಾನು? ಪತ್ತೆ ಹಚ್ಚುವ ಕೆಲಸಕ್ಕೆ ಬೇರೆಯೇ ದರವಿರಲಿ, ರಿಪೇರಿ ಮಾಡಿಸಲಿ ಬಿಡಲಿ, ಅದನ್ನು ಕೊಡೋಣ ಎಂಬುದು ನನ್ನ ವಾದ.

ಬದಲಿಗೆ ನಾವೂ ಸ್ವಲ್ಪ ತಯಾರಾಗಿ ಹೋಗಬೇಕು. 'ಏನೋ ಸೌಂಡ್ ಬರ್ತಿದೆ' ಎಂದರೆ ಯಾರಿಗೂ ಏನೂ ತಿಳಿಯದು. ವೇಗದ ಜೊತೆ ಏರುವ ಹೂಂಕಾರ ನ್ಯೂಟ್ರಲ್ ಮಾಡಿದರೂ ನಿಲ್ಲದಿದ್ದರೆ ಚಕ್ರದ ಬೇರಿಂಗ್ ಅಥವಾ ಟೈರ್ ನೋಡಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆಯುವಾಗ ಟಕಟಕ ಎಂದರೆ ಆಕ್ಸಲ್ ಜಾಯಿಂಟ್ ಮೇಲೆ ಅನುಮಾನ. ಏರಿನಲ್ಲಿ ಮೇಲಿನ ಗಿಯರಿನಲ್ಲೇ ಒತ್ತಿದಾಗ ಕಬ್ಬಿಣಕ್ಕೆ ಕಾಳು ಎರಚಿದಂತೆ ಟಿಣಿಟಿಣಿ ಎಂದರೆ ಅದು ನಾಕಿಂಗ್. ನಮ್ಮಲ್ಲಿ ಅನೇಕರ ಕಾರಿನಲ್ಲಿ ಎರಡೂ ಇಂಧನ ಇರುವುದರಿಂದ ಇದನ್ನು ನೀವೇ ಪರೀಕ್ಷಿಸಬಹುದು: ಸಿಎನ್‌ಜಿಯ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು, ಅದಕ್ಕೆ ಬದಲಿಸಿದ ಕೂಡಲೇ ನಾಕಿಂಗ್ ಸಾಮಾನ್ಯವಾಗಿ ನಿಂತುಬಿಡುತ್ತದೆ.

ಈಚೆಗೆ ಎಲ್ಲ ಸದ್ದನ್ನೂ ಶೇ 20ರ ಎಥನಾಲ್ ಪೆಟ್ರೋಲಿನ ತಲೆಗೆ ಕಟ್ಟುವ ಚಾಳಿ ಶುರುವಾಗಿದೆ. ಮೈಲೇಜ್ ಇಳಿಯುವುದು ನಿಜ, ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳ ಚಿಂತೆಯೂ ಸುಳ್ಳಲ್ಲ. ಆದರೆ ಎಥನಾಲ್ ಆಕ್ಟೇನನ್ನು ಏರಿಸುತ್ತದೆ, ನಾಕಿಂಗ್‌ಗೆ ಅದನ್ನು ದೂರಿದರೆ ಅಸಲಿ ಕಾರಣ ತಪ್ಪಿಹೋಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಪತ್ತೆದಾರಿಕೆ ಬೇಡ: ಕೆಂಪು ಆಯಿಲ್ ದೀಪದ ಜೊತೆ ಸದ್ದು ಬಂದರೆ ಬದಿಗೆ ಹಾಕಿ ಇಂಜಿನ್ ಆರಿಸಿ, ಮುಂದಿನ ಗ್ಯಾರೇಜಿನವರೆಗೆ ಓಡಿಸಬೇಡಿ.

ಚಾಚಾರಿಗೆ ಬಿಲ್ಲಿನ ಮೇಲೆ 500 ರೂಪಾಯಿ ಕೊಟ್ಟೆ. 'ಯೇ ಕಿಸ್ ಬಾತ್ ಕಾ?' ಎಂದರು. 'ಸುನ್‌ನೇ ಕಾ' ಎಂದೆ. ನಕ್ಕು ಜೇಬಿಗೆ ಹಾಕಿಕೊಂಡು, ಎಡ ಮುಂದಿನ ಟೈರಿನ ಗಾಳಿ ನೋಡಲು ಬಗ್ಗಿದರು.