ಸತ್ತವರ ಲೆಕ್ಕ ಊರಿಗೆ, ಮನೆಯ ವಿವರ ಮನೆಯವರಿಗೆ

ಮಂಗಳೂರು ಹೊರವಲಯದ ಕುಡುಪುವಿನಲ್ಲಿ 2025ರ ಏಪ್ರಿಲ್ 27ರಂದು ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ವಯನಾಡು ಮೂಲದ ವ್ಯಕ್ತಿಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಠಾಣೆಯಲ್ಲಿ ಮೊದಲು ದಾಖಲಾದದ್ದು ಅಸಹಜ ಸಾವು ಎಂದು. ಮರಣೋತ್ತರ ಪರೀಕ್ಷೆಯಲ್ಲಿ ಪೆಟ್ಟಿನ ಗುರುತುಗಳು ಕಂಡ ಮೇಲೆ ಅದು ಗುಂಪು ಹತ್ಯೆಯ ಪ್ರಕರಣವಾಯಿತು. ಕರ್ತವ್ಯಲೋಪದ ಆರೋಪದ ಮೇಲೆ ಮೂವರು ಪೊಲೀಸರು ಅಮಾನತಾದರು.

ಗುರುತು ಪತ್ತೆಯಾದದ್ದೇ ತಡ, ಸತ್ತವರ ಹೆಸರು, ಮನೆ, ಆರೋಗ್ಯ, ಸಂಸಾರದ ವಿವರಗಳೆಲ್ಲ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಹರಿದಾಡಿದವು. ದೇಶವಿರೋಧಿ ಘೋಷಣೆ ಕೂಗಿದ್ದರೆಂಬ ಆರೋಪಿಗಳ ಕಡೆಯ ಮಾತೂ ಸಾಬೀತಾಗುವ ಮುನ್ನವೇ ಊರೂರು ಸುತ್ತಿತು. ಅಂದರೆ ಜನರಿಗೆ ತಿಳಿಯಲೇಬೇಕಾದ ಸಂಗತಿ ಠಾಣೆಯಲ್ಲಿ ತಡವಾಗಿ ದಾಖಲಾಯಿತು. ತಿಳಿಯಬೇಕಾಗಿಲ್ಲದ್ದು ಬೀದಿಗೆ ಬಂತು. ದ್ವೇಷದ ಕೊಲೆಗಳ ಮಾಹಿತಿಯ ವಿಷಯದಲ್ಲಿ ದೇಶದ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಎಣಿಸಿದರು, ಪ್ರಕಟಿಸಲಿಲ್ಲ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2017ನೇ ಸಾಲಿಗೆ ಗುಂಪು ಹತ್ಯೆಯ ಅಂಕಿಗಳನ್ನೂ ಸಂಗ್ರಹಿಸಿತ್ತು. ಆ ಸಾಲಿನ ವರದಿ ಹೊರಬಂದದ್ದು 2019ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಈ ಅಂಕಿಗಳಿರಲಿಲ್ಲ. ಮಾಹಿತಿ ನಂಬಲರ್ಹವಾಗಿಲ್ಲವೆಂದು ಸಂಗ್ರಹವನ್ನೇ ನಿಲ್ಲಿಸಲಾಗಿದೆ ಎಂದು ಸರ್ಕಾರ ಮುಂದೆ ಸಂಸತ್ತಿಗೆ ತಿಳಿಸಿತು. ಗುಂಪು ಹತ್ಯೆ ತಡೆಗೆ ಪ್ರತಿ ಜಿಲ್ಲೆಯಲ್ಲೂ ಹೊಣೆಗಾರ ಪೊಲೀಸ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಜುಲೈನಲ್ಲೇ ಆದೇಶಿಸಿತ್ತು. ಲೆಕ್ಕವೇ ಇಲ್ಲದೆ ಹೊಣೆ ಹೊರಿಸುವುದು ಹೇಗೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಒಂದು ತೊಡಕನ್ನು ಬಿಡಿಸಿದೆ. ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ನಂಬಿಕೆ ಮುಂತಾದ ಕಾರಣಕ್ಕೆ ಕೊಂದರೆ ಅದು ಕಲಂ 103(2)ರಡಿ ಬರುತ್ತದೆ. ‘ಭಾಷೆ’, ‘ಹುಟ್ಟಿದ ಸ್ಥಳ’ ಎಂಬ ಎರಡು ಪದಗಳ ತೂಕವನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಲಂಗೆ ಸಂಖ್ಯೆ ಇದೆಯೆಂದ ಮೇಲೆ ಆ ಕಲಂನಡಿಯ ಪ್ರಕರಣಗಳನ್ನು ಎಣಿಸಲು ಆಗುವುದಿಲ್ಲ ಎನ್ನುವಂತಿಲ್ಲ.

ಎರಡು ರಾಜ್ಯ, ಒಂದೇ ಕೊಲೆ

ಮರ್ಯಾದೆ ಹತ್ಯೆಯ ಲೆಕ್ಕ 2014ರಿಂದ ಪ್ರತ್ಯೇಕವಾಗಿ ಸಿಗುತ್ತದೆ. ಬ್ಯೂರೋ ಪ್ರಕಾರ ದೇಶದಲ್ಲಿ 2019 ಮತ್ತು 2020ರಲ್ಲಿ ತಲಾ 25, 2021ರಲ್ಲಿ 33. ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ ಎಂದರೆ ಯಾರೂ ನಂಬುವುದು ಕಷ್ಟ. ಕೊಲೆಯ ಕಾರಣವನ್ನು ಬರೆದುಕೊಳ್ಳುವುದು ಠಾಣೆಯಲ್ಲಿ. ಅಲ್ಲಿ ‘ಕೌಟುಂಬಿಕ ಕಲಹ’ ಅಥವಾ ‘ಪ್ರೇಮ ಪ್ರಕರಣ’ ಎಂದು ಬರೆದರೆ ಜಾತಿಯ ಮಾತು ಅಲ್ಲಿಗೇ ಮುಗಿಯಿತು.

2018ರ ನವೆಂಬರ್‌ನಲ್ಲಿ ಹೊಸೂರಿನಿಂದ ಅಪಹರಣಕ್ಕೊಳಗಾದ ನವದಂಪತಿಯ ಶವಗಳು ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಶಿವನಸಮುದ್ರದ ಬಳಿ, ಕಾವೇರಿಯಲ್ಲಿ. ಹುಡುಗ ದಲಿತ, ಬಂಧಿತರಾದವರು ಹುಡುಗಿಯ ತಂದೆ ಮತ್ತು ಬಂಧುಗಳು. ಅಪಹರಣ ತಮಿಳುನಾಡಿನಲ್ಲಿ, ಶವ ಕರ್ನಾಟಕದಲ್ಲಿ. ಇಂಥ ಸಾವು ಯಾವ ರಾಜ್ಯದ ಲೆಕ್ಕಕ್ಕೆ, ಯಾವ ಕಾರಣದಡಿ ಸೇರಿತೆಂದು ತಿಳಿಯಲು ಹೊರಟವರು ಎರಡು ರಾಜ್ಯಗಳ ಕಚೇರಿಗಳ ಬಾಗಿಲು ಬಡಿಯಬೇಕು. ಆ ಲೆಕ್ಕ ತಿಳಿಯಲು ಆ ಇಬ್ಬರ ಹೆಸರಾಗಲೀ ಹಳ್ಳಿಯ ಹೆಸರಾಗಲೀ ಬೇಕಿಲ್ಲ ಎಂಬುದೂ ಅಷ್ಟೇ ನಿಜ.

ಗೋಪ್ಯತೆ ಬರೀ ನೆಪವಲ್ಲ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿತು. ಅದಕ್ಕೂ ಒಂದು ವರ್ಷ ಮೊದಲು ಅದೇ ನ್ಯಾಯಾಲಯ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕುವಂತೆ ಆದೇಶಿಸಿತ್ತು. ಎಫ್‌ಐಆರ್‌ನಲ್ಲಿ ದೂರುದಾರರ ಹೆಸರು, ತಂದೆಯ ಹೆಸರು, ವಿಳಾಸ ಎಲ್ಲ ಇರುತ್ತದೆ. ಮರ್ಯಾದೆ ಹತ್ಯೆಯಲ್ಲಿ ಸಾಕ್ಷಿ ಹೇಳಬೇಕಾದವರು ಎಷ್ಟೋ ಸಲ ಅದೇ ಬೀದಿಯವರು, ಅದೇ ಮನೆಯ ಸೊಸೆ. ಅವರ ಹೆಸರು ಬಯಲಾದರೆ ನಾಳೆ ಕೋರ್ಟಿನಲ್ಲಿ ಬಾಯಿ ತೆರೆಯುವವರು ಯಾರು?

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ ಕಲಂ 15ಎ ಇದಕ್ಕೆ ದಾರಿ ತೋರಿಸಿದೆ: ಸಾರ್ವಜನಿಕರಿಗೆ ಸಿಗುವ ದಾಖಲೆಗಳಲ್ಲಿ ಸಾಕ್ಷಿಗಳ ಹೆಸರು, ವಿಳಾಸ ಮರೆಮಾಚಲು ನ್ಯಾಯಾಲಯ ಆದೇಶಿಸಬಹುದು. ಅತ್ಯಾಚಾರಕ್ಕೊಳಗಾಗಿ ಸತ್ತವರ ಹೆಸರನ್ನೂ ಹಾಗೇ ಬಹಿರಂಗಪಡಿಸಬಾರದೆಂದು 2018ರ ಡಿಸೆಂಬರ್‌ನಲ್ಲಿ ತೀರ್ಪಾಗಿದೆ. ಸತ್ತ ಮಾತ್ರಕ್ಕೆ ಮಾನ ಹೋಗುವುದಿಲ್ಲ.

ಬದಲಾದ ಮಾಹಿತಿ ಹಕ್ಕು

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಈ ಎರಡನ್ನೂ ತೂಗುವ ತಕ್ಕಡಿ ಕಲಂ 8(1)(ಜೆ)ಯಲ್ಲೇ ಇತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಸಲ್ಲದ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದಿತ್ತು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ತಿದ್ದಿತು. 2025ರ ನವೆಂಬರ್‌ನಿಂದ ಜಾರಿಗೆ ಬಂದ ಹೊಸ ರೂಪದಲ್ಲಿ ‘ವೈಯಕ್ತಿಕ ಮಾಹಿತಿ’ ಎಂಬುದಷ್ಟೇ ವಿನಾಯಿತಿಗೆ ಸಾಕು. ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಮಾಹಿತಿ ಕೊಡಬಹುದೆನ್ನುವ ಕಲಂ 8(2) ಉಳಿದಿದೆ, ನಿಜ. ಆದರೆ ಅಂಜುವ ಅಧಿಕಾರಿಗೆ ‘ಇಲ್ಲ’ ಎನ್ನುವುದು ಈಗ ಹಿಂದಿಗಿಂತ ಸುಲಭ.

ಮರೆಯಬಾರದ ವಿಚಾರವೆಂದರೆ, ಎಣಿಕೆ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಅಮೆರಿಕ 1990ರಲ್ಲೇ ದ್ವೇಷಾಪರಾಧಗಳ ಅಂಕಿ ಸಂಗ್ರಹಿಸಲು ಕಾನೂನು ಮಾಡಿ, ಸಂತ್ರಸ್ತರ ಗುರುತು ಸಿಗುವ ಯಾವ ವಿವರವೂ ಅದರಲ್ಲಿ ಇರಕೂಡದೆಂದು ಅದೇ ಕಾನೂನಿನಲ್ಲಿ ಬರೆಯಿತು. ಎರಡೂ ಒಟ್ಟಿಗೆ ಸಾಧ್ಯ.

ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು. ಜಿಲ್ಲೆಯ ಪಟ್ಟಿಯಲ್ಲಿ ‘3’ ಎಂದರೆ ಬರೀ ಅಂಕಿ. ಹಳ್ಳಿಯ ಪಟ್ಟಿಯಲ್ಲಿ ‘1’ ಎಂದರೆ ಅದು ಯಾರ ಮನೆಯೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಜಿಲ್ಲೆ, ವರ್ಷ, ಕಲಂ, ಕೊಲೆಯ ಕಾರಣ, ಆರೋಪಪಟ್ಟಿ ಸಲ್ಲಿಕೆ, ಶಿಕ್ಷೆ ಅಥವಾ ಖುಲಾಸೆ, ಪರಿಹಾರ ಸಂದಾಯ, ಇಷ್ಟು ಪ್ರಕಟವಾಗಲಿ. ಹಳ್ಳಿ, ವಿಳಾಸ, ಆರೋಗ್ಯ, ಸಂಸಾರದ ವಿಚಾರ, ಸಾಕ್ಷಿಗಳ ಹೆಸರು ಒಳಗಿರಲಿ. ಮೊದಲು ಅಸಹಜ ಸಾವೆಂದು ದಾಖಲಾಗಿ ಆಮೇಲೆ ಕೊಲೆಯಾದ ಪ್ರಕರಣಗಳೆಷ್ಟು ಎಂಬ ಅಂಕಿಯೂ ಹೊರಬಂದರೆ ಠಾಣೆಗಳ ಕೆಲಸವೂ ತಿಳಿಯುತ್ತದೆ.

ಸರ್ಕಾರ ತಾನಾಗಿ ಪ್ರಕಟಿಸುವವರೆಗೆ ಕಾಯಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಎರಡು ಭಾಷೆ ಬಲ್ಲ ಗಡಿನಾಡಿನವರು ಗಡಿಯ ಎರಡೂ ಕಡೆಯ ಜಿಲ್ಲಾ ಪೊಲೀಸ್ ಕಚೇರಿಗೆ ಒಂದೇ ಪ್ರಶ್ನೆ ಕೇಳಬಲ್ಲರು: 2024ರ ಜುಲೈ 1ರಿಂದ ಈವರೆಗೆ ಕಲಂ 103(2)ರಡಿ ಪ್ರಕರಣಗಳೆಷ್ಟು, ಅವು ಯಾವ ಹಂತದಲ್ಲಿವೆ? ಈ ಪ್ರಶ್ನೆಯಲ್ಲಿ ಯಾರ ಹೆಸರೂ ಇಲ್ಲ. ಉತ್ತರದಲ್ಲೂ ಇರಬೇಕಿಲ್ಲ. 30 ದಿನದೊಳಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ.